ಪರಮಕ್ಕನ ಮನೆಯಲ್ಲಿ ಬೇರುಬಿಟ್ಟ ನೀರುಳ್ಳಿ

ಒಳ್ಳೆಯ ಊಟ ಸಿಗುವ ಮನೆಯಲ್ಲಿ ಬಾಡಿಗೆಗಿರುವವನಿಗೆ ಸ್ವಾತಂತ್ರ್ಯ ಇರುವುದಿಲ್ಲ. ದೇಶಕ್ಕೆ ಅದು ಬಂದು ಹದಿನೈದು ವರ್ಷವಾಗಿದ್ದರೂ ನನಗೆ ಬಂದಿರಲಿಲ್ಲ. ಆಗ ನಾನು ಸುಳ್ಯದಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಶಾಲೆಯ ಪಕ್ಕದ ಪರಮಕ್ಕನ ಮನೆಯಲ್ಲಿ ಕೋಣೆ, ಎರಡು ಹೊತ್ತಿನ ಊಟ. ಅವರ ಸಾರಿನ ರುಚಿಗೆ ನನ್ನ ಮದುವೆಯನ್ನೇ ಮುಂದೂಡಿದ್ದೆ. ಕಟ್ಟಳೆ ಒಂದೇ: ನೀರುಳ್ಳಿ ಹೊಸಿಲು ದಾಟಬಾರದು.

ನನ್ನ ಗ್ರಹಚಾರಕ್ಕೆ ಜೀವಕೋಶ ವಿಭಜನೆಯ ಪಾಠ ಬಂತು. ಅದನ್ನು ತೋರಿಸಲು ನೀರುಳ್ಳಿಯ ಎಳೆ ಬೇರಿನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಸುಳ್ಯದ ಅಂಗಡಿಯಲ್ಲಿ ಕೊಂಡರೆ ಸುದ್ದಿ ನನಗಿಂತ ಮೊದಲು ಮನೆ ತಲುಪೀತೆಂದು, ಬಸ್ಸಿನಲ್ಲಿ ಜಾಲ್ಸೂರಿಗೆ ಹೋಗಿ ಒಂದೇ ಒಂದು ಗಡ್ಡೆ ತಂದೆ. ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿ ಪುಸ್ತಕಗಳ ಮರೆಗಿಟ್ಟೆ. ಮೂರನೆಯ ದಿನ ಬೇರೂ ಬಂತು, ಕೋಣೆ ಗುಡಿಸಲು ಪರಮಕ್ಕನೂ ಬಂದರು.

“ಮಾಸ್ಟ್ರೇ, ಇದೆಂತದು?”

“ತಿನ್ನಲಿಕ್ಕಲ್ಲ ಪರಮಕ್ಕ, ಪಾಠಕ್ಕೆ.”

“ತಿನ್ನದಿದ್ದರೆ ನಾರುದಿಲ್ವಾ? ಇವತ್ತು ಅದು ಹೋಗ್ಬೇಕು, ಇಲ್ಲದಿದ್ದರೆ ನೀವು.”

“ಒಮ್ಮೆ ಶಾಲೆಗೆ ಬಂದು ನೋಡಿ, ಆಮೇಲೆ ಓಡಿಸಿ” ಎಂದು ಬೇಡಿಕೊಂಡೆ.

ಬಂದರು. ಶಾಲೆಗೆ ಒಯ್ದಿದ್ದ ಗಡ್ಡೆಯ ಬೇರಿನ ತುದಿ ಕತ್ತರಿಸಿ ಬಣ್ಣ ಹಾಕಿ, ಗಾಜುಗಳ ನಡುವೆ ಅಮುಕಿ ಸೂಕ್ಷ್ಮದರ್ಶಕದಡಿ ಇಟ್ಟೆ. ಸೆರಗಿನಿಂದ ಮೂಗು ಮುಚ್ಚಿ ಪರಮಕ್ಕ ಬಗ್ಗಿದರು. ಒಂದು ಕೋಶದೊಳಗೆ ನೂಲಿನ ತುಂಡುಗಳಂಥ ವರ್ಣತಂತುಗಳು ಎರಡು ಗುಂಪಾಗಿ ದೂರ ಸರಿದಿದ್ದವು. ಪ್ರತಿಯೊಂದು ತಂತುವೂ ಮೊದಲು ತನ್ನಂಥದೇ ಇನ್ನೊಂದನ್ನು ಮಾಡಿಕೊಳ್ಳುತ್ತದೆ, ಆಮೇಲೆ ಆ ಕಡೆಗೊಂದು ಈ ಕಡೆಗೊಂದು ಹೋಗುತ್ತದೆ, ಕೊನೆಗೆ ನಡುವೆ ಗೋಡೆ ಎದ್ದು ಕೋಶ ಎರಡಾಗುತ್ತದೆ ಎಂದು ವಿವರಿಸಿದೆ.

“ಪಾಲಿಗೆ ಮೊದಲೇ ಎಲ್ಲ ಎರಡೆರಡು ಮಾಡಿಡುದಾ?” ಪರಮಕ್ಕನ ಸೆರಗು ಮೂಗಿನಿಂದ ಜಾರಿತು. “ನನ್ನ ಮೈದುನಂದಿರು ಮಸಾಲೆ ಕಡೆಯುವ ಒಂದು ಕಲ್ಲಿನ ಪಾಲಿಗೆ ಜಗಳಾಡಿ ಎಂಟು ವರ್ಷದಿಂದ ಮಾತಾಡುದಿಲ್ಲ ಮಾರಾಯ್ರೆ! ನೀರುಳ್ಳಿಗಿರುವ ಬುದ್ಧಿ ಅವರಿಗಿಲ್ಲ.”

ಮತ್ತೊಮ್ಮೆ ಬಗ್ಗಿ ನೋಡಿ, “ಇರಲಿ, ದನದ ಹಟ್ಟಿಯ ಬದಿಯಲ್ಲಿಡಿ” ಎಂದು ಅಪ್ಪಣೆ ಕೊಟ್ಟು ಹೋದರು.

ಗೆದ್ದೆ! ಶಾಲೆಯ ಪ್ರಯೋಗದ ಕೋಣೆಯಲ್ಲಿ ಉಳಿದವರು ನಾವಿಬ್ಬರೇ, ನಾನು ಮತ್ತು ಗಡ್ಡೆ. ಆರು ತಿಂಗಳಿಂದ ನೀರುಳ್ಳಿ ಕಂಡಿರದ ನಾಲಗೆ. ಪ್ರಯೋಗಕ್ಕಿಟ್ಟಿದ್ದ ಉಪ್ಪೂ ಅಲ್ಲೇ ಇತ್ತು. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ಸಂಜೆ ಊಟಕ್ಕೆ ಬಡಿಸುತ್ತಾ ಪರಮಕ್ಕ ಕೇಳಿದರು: “ಎಲ್ಲಿ ಮಾಸ್ಟ್ರೇ, ಆ ಗಡ್ಡೆ? ಮೈದುನಂದಿರಿಗೆ ಹೇಳಿ ಕಳಿಸಿದ್ದೇನೆ. ನಾಳೆ ಇಬ್ಬರೂ ನೋಡ್ಲಿಕ್ಕೆ ಬರ್ತಾರೆ.”

ಉತ್ತರ ಹೇಳಬೇಕಾದರೆ ಬಾಯಿ ತೆರೆಯಬೇಕಿತ್ತು. ನಾನು ಎಲೆಯಲ್ಲಿದ್ದ ಅನ್ನವನ್ನೆಲ್ಲ ಒಂದೇ ತುತ್ತು ಮಾಡಿ ತುರುಕಿಕೊಂಡೆ.