ಭೋಜದ ಸ್ಪ್ಯಾನಿಷ್ ವರ್ಗದ ಬಾಗಿಲಿಗೆ ಅಡ್ಡ ನಿಂತ ಕೆಂಪು ರಿಬ್ಬನ್ನಿಗೆ

ಮಾನ್ಯ ರಿಬ್ಬನ್ ಅವರೇ,

ನಮ್ಮ ಭೋಜದ ಹಳೆಯ ತಂಬಾಕಿನ ಗೋದಾಮಿನ ಬಾಗಿಲಿಗೆ ಅಡ್ಡವಾಗಿ, ಎರಡೂ ಕಡೆ ಗಂಟಾಗಿ, ನಡುವೆ ಹೂವಾಗಿ ಅರಳಿ ನಿಂತಿರುವ ತಮ್ಮ ಪಾದಗಳಿಗೆ, ಯಾವ ತುದಿ ಪಾದ, ಯಾವ ತುದಿ ತಲೆ ಎಂದು ತಿಳಿಯದ ಕಾರಣ ಎರಡೂ ತುದಿಗಳಿಗೆ, ಈ ಮುದುಕ ಭೀಮಸಿಯ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಹೊರಗೆ ಕ್ಷೇಮ. ಒಳಗೆ ಹೋಗಿದ್ದರೆ ಇನ್ನೂ ಕ್ಷೇಮವಾಗಿರುತ್ತಿದ್ದೆವು.

ತಾವು ಕಾಯುತ್ತಿರುವ ಕೋಣೆಯನ್ನು ತಾವೇ ಹಿಂತಿರುಗಿ ನೋಡಿಲ್ಲವಾದ್ದರಿಂದ ತಿಳಿಸುತ್ತೇನೆ. ಪುಣೆಯಲ್ಲಿ ಸ್ಪ್ಯಾನಿಷ್ ಕಲಿತು ಊರಿಗೆ ಮರಳಿದ ನಮ್ಮ ಮನೀಷಾ ಟೀಚರು, ಬಂದವರು ಹೆದರಬಾರದೆಂದು ಕುರ್ಚಿಗಳನ್ನು ಅರ್ಧಚಂದ್ರದಂತೆ ಇಟ್ಟಿದ್ದಾರೆ; ಹಿಂದಿನ ಸಾಲೇ ಇಲ್ಲದ ಮೇಲೆ ಅಲ್ಲಿ ಅಡಗಿ ಕೂರುವ ನನ್ನಂಥವರ ಕಥೆ ಮುಗಿದಂತೆಯೇ. ಕುರ್ಚಿ ಒಗ್ಗದವರಿಗೆ ಜಮಖಾನೆ, ಕೈಗೂಸಿನ ತಾಯಂದಿರಿಗೆ ತೊಲೆಗೆ ಕಟ್ಟಿದ ಜೋಲಿ, ಗಡಿಯಾರಕ್ಕೆ, ಕಿಟಕಿಗೆ, ನೀರಿನ ಕೊಡಕ್ಕೆ ಕನ್ನಡ, ಮರಾಠಿ, ಸ್ಪ್ಯಾನಿಷ್ ಮೂರರಲ್ಲೂ ಹೆಸರಿನ ಚೀಟಿ. ಇದನ್ನೆಲ್ಲ ನಾನು ಕಿಟಕಿಯ ಸರಳಿಗೆ ಮೂಗು ಒತ್ತಿ ನೋಡಿದ್ದು.

ಇಷ್ಟೆಲ್ಲ ಸ್ವಾಗತದ ಮುಂದೆ, ಬಾಗಿಲಲ್ಲಿ, ತಾವು. ಜಾಗ ಕೊಟ್ಟ ಕಬ್ಬಿನ ಬಾಬಾಸಾಹೇಬರು ಒಳ್ಳೆಯ ಮನುಷ್ಯರೇ. ಆದರೆ ಉದ್ಘಾಟನೆ ಆಗದೆ ಒಳಗೆ ಕಾಲಿಡುವುದೆಂದರೆ ಅವರಿಗೆ ಅಕ್ಷತೆ ಬೀಳದೆ ಸಂಸಾರ ಹೂಡಿದಂತೆ. ಕರೆದ ಮುಖ್ಯ ಅತಿಥಿಗಳೋ ಬಹು ದೊಡ್ಡವರು, ಅ-ತಿಥಿ ಎಂಬ ಹೆಸರಿಗೆ ತಕ್ಕಂತೆ ತಿಥಿಯನ್ನು ಮಾತ್ರ ಹೇಳುವುದಿಲ್ಲ. ದೀಪಾವಳಿಗೆ ಬರಬೇಕಾದವರು ಸಂಕ್ರಾಂತಿ ಕಳೆದರೂ ಬಂದಿಲ್ಲ. ಫೋನ್ ಹಚ್ಚಿದರೆ ಅವರ ಸಹಾಯಕ ಮಲ್ಲೇಶ, "ಸಾಹೇಬ್ರು ರಾಯಬಾಗ ದಾಟ್ಯಾರ್ರಿ, ಬಂದ್ರು ಅಂತನ ತಿಳ್ಕೊರ್ರಿ" ಎನ್ನುತ್ತಾನೆ, ಮರುವಾರ ಕೇಳಿದರೆ, "ಕಾಗವಾಡದಾಗ ಒಂದ್ ಮದುವಿ ಐತ್ರಿ, ಉಂಡ ಕೂಡ್ಲೆ ಹೊಂಡ್ತಾರ್ರಿ." ಹೀಗೆ ಉದ್ಘಾಟನೆ ಎಂಬುದು ಉದ್ದ ಘಟನೆಯಾಗಿದೆ.

ಅಲ್ಲಿಯವರೆಗೆ ನಾವು ಎದುರಿನ ಕಟ್ಟೆಯ ಮೇಲೆ ಕಲಿಯುತ್ತಿದ್ದೇವೆ. ಟೀಚರು ನಮಸ್ಕಾರಕ್ಕೆ "ಓಲಾ" ಎಂದರೆ ಅದನ್ನು ಕಬ್ಬಿನ ಟ್ರ್ಯಾಕ್ಟರಿನ ಹಾಡು ನುಂಗುತ್ತದೆ. ಗಾಳಿ ಬೀಸಿದರೆ ಗೋದಾಮಿನ ತಂಬಾಕಿನ ಘಾಟು ಮೂಗಿಗೇರಿ ಇಡೀ ವರ್ಗ ಸೀನುತ್ತದೆ. ಸ್ಪೇನಿನಲ್ಲಿ ಸೀನಿದವರಿಗೆ "ಸಾಲೂದ್", ಆರೋಗ್ಯವಾಗಿರಿ, ಎನ್ನುತ್ತಾರಂತೆ. ಆ ಒಂದು ಶಬ್ದದಲ್ಲಿ ಭೋಜದವರನ್ನು ಸ್ಪೇನಿನವರೂ ಸೋಲಿಸಲಾರರು.

ನನಗೇನು, ಕಟ್ಟೆಯಾದರೂ ನಡೆಯುತ್ತದೆ. ಕಷ್ಟ ಚಪ್ಪಲಿ ಹೊಲಿಯುವ ಕುಸುಮಳದು. ಆಕೆಯ ಚಪ್ಪಲಿ ಕೊಳ್ಳುವ ಸ್ಪೇನಿನ ಅಂಗಡಿಯೊಡತಿ ಹೋದ ವರ್ಷ ಬಂದು, ಇದನ್ನು ಮಾಡಿದ್ದು ಯಾರು ಎಂದು ಕೇಳಿದಾಗ, ನಡುವೆ ನಿಂತ ದಲ್ಲಾಳಿ ಸ್ಪ್ಯಾನಿಷ್‌ನಲ್ಲೇ "ನಮ್ಮ ಕಾರ್ಖಾನೆ" ಎಂದುಬಿಟ್ಟ; ಚಪ್ಪಲಿ ಹಿಡಿದು ಎದುರಿಗೇ ನಿಂತಿದ್ದ ಕುಸುಮಳಿಗೆ ಅದು ತಿಳಿದದ್ದು ಅಂದು ಯಾರೋ ಫೋನಿನಲ್ಲಿ ಹಿಡಿದಿದ್ದ ವಿಡಿಯೋವನ್ನು ಟೀಚರು ಆಮೇಲೆ ನೋಡಿ ಹೇಳಿದಾಗ. ಆ ಒಡತಿ ನಾಳೆ ಮತ್ತೆ ಬರುತ್ತಾಳೆ. ಕುಸುಮಳಿಗೆ ಬೇಕಿರುವುದು ಒಂದೇ ವಾಕ್ಯ: "ಲೊ ಈಥೆ ಯೊ", ಇದನ್ನು ಮಾಡಿದವಳು ನಾನು. ಆದರೆ ಬೈಕಿನವನೊಬ್ಬ, "ಚಪ್ಪಲ್ ಹೊಲಿಯಾಕಿ ಇಂಗ್ಲಿಷ್ ಕಲಿಯಾಕತ್ತಾಳ ನೋಡ್ಲೇ" ಎಂದು ನಕ್ಕು ಹೋದಂದಿನಿಂದ ಆಕೆ ಬೀದಿಯಲ್ಲಿ ತುಟಿ ಬಿಚ್ಚಿಲ್ಲ.

ಆದ್ದರಿಂದ ಮಾನ್ಯರೇ, ತಾವು ದೊಡ್ಡ ಮನಸ್ಸು ಮಾಡಿ ಯಾವುದಾದರೂ ಇಲಿಗೆ ತಮ್ಮನ್ನು ಉದ್ಘಾಟಿಸುವ ಅವಕಾಶ ಕೊಡಬೇಕು. ಆಗದಿದ್ದರೆ ಬಸ್ಸು ಹತ್ತಿ ಸಾಹೇಬರಿದ್ದಲ್ಲಿಗೇ ಹೋಗಿ ಕತ್ತರಿಸಿಕೊಂಡು ಬರಬೇಕು. ಅದೂ ಆಗದಿದ್ದರೆ ತಾವೇ ಸ್ಪ್ಯಾನಿಷ್ ಕಲಿತು ಕಟ್ಟೆಗೆ ಬಂದು ನಮಗೆ ಕಲಿಸಬೇಕು.

ಇಷ್ಟು ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಕಟ್ಟೆಯ ಕಡೆ ಗದ್ದಲವೆದ್ದಿತು. ಕುಸುಮ ಬಾಬಾಸಾಹೇಬರ ದಾರಿಗೆ ಅಡ್ಡ ನಿಂತಿದ್ದಳು: "ಸಾವ್ಕಾರ್ರ, ಆ ಸ್ಪೇನಿನ ಬಾಯಾರು ನಾಳೆ ಬರ್ತಾರ್ರಿ. ಬಾಗಲಕ್ಕ ಕಟ್ಟಿದ್ದು ಸಾಲಂಗಿಲ್ಲಂತ ನನ್ನ ನಾಲಿಗಿಗೂ ರಿಬ್ಬನ್ ಕಟ್ಟೀರೇನ್ರಿ?" ಸಾಹುಕಾರರು ಮಲ್ಲೇಶನಿಗೆ ಫೋನ್ ಹಚ್ಚಿದರು, ಕೇಳಿಸಿಕೊಂಡರು, ಸಿಟ್ಟಿನಿಂದ ಕೆಂಪಾದರು, ತಮ್ಮಷ್ಟೇ ಕೆಂಪು. "ಹೋದ ತಿಂಗಳಾನೂ ರಾಯಬಾಗನ ದಾಟಿದ್ರಲ್ಲೋ, ಅದೇನ್ ಊರೋ ಸಮುದ್ರೋ?" ಎಂದು ಫೋನ್ ಇಟ್ಟು, ಕುಸುಮಳತ್ತ ತಿರುಗಿದರು: "ಕತ್ತರಸಬ್ಯಾಡವಾ, ದೊಡ್ಡವ್ರಿಗಿ ಅಪಮಾನ ಆಗ್ತೈತಿ. ಬಿಚ್ಚು."

ಬಿಚ್ಚಿದಳು. ಎಲ್ಲರೂ ಒಳಗೆ ಹೋದೆವು, ಕದ ಮುಂದೆ ಮಾಡಿದೆವು. ತಪ್ಪು ಹೇಳಿದವರಿಗೆ ಚಪ್ಪಾಳೆ, ಇದು ಈ ಕೋಣೆಯ ನಿಯಮ ಎಂದರು ಟೀಚರು; ನನ್ನ ಶಾಲೆಯಲ್ಲಿ ಇದಿದ್ದರೆ ಮಾಸ್ತರರ ಅಂಗೈಯೇ ಸವೆಯುತ್ತಿತ್ತು. ಕುಸುಮ ಎದ್ದಳು, ತಡವರಿಸಿದಳು, ಚಪ್ಪಾಳೆ ಬಿತ್ತು. ಮತ್ತೆ ತಡವರಿಸಿದಳು, ಗೋಡೆಯ ಸುಣ್ಣ ಉದುರುವಂತೆ ಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಚಪ್ಪಲಿ ಎತ್ತಿ ಹಿಡಿದು ಇನ್ನೊಮ್ಮೆ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂತಿರಲಿಲ್ಲ.

ತಮ್ಮಿಂದಾಗಿ ಬೀದಿಯಲ್ಲೇ ಕೂತು ಕನ್ನಡ, ಮರಾಠಿ, ಸ್ಪ್ಯಾನಿಷ್ ಮೂರರಲ್ಲೂ ಸೀನಲು ಕಲಿತ,
ತಮ್ಮ ವಿಶ್ವಾಸಿ,
ಭೀಮಸಿ

ತಾ.ಕ.: ವರ್ಗ ನಡೆಯಬೇಕಾದ್ದರಿಂದ ತಮ್ಮ ವರ್ಗಾವಣೆ ಮಾಡಲಾಗಿದೆ. ತಮ್ಮನ್ನು ಕತ್ತರಿ, ತಟ್ಟೆ ಸಮೇತ ಗೋದಾಮಿನ ಹಿಂದಿನ ಗೋಡೆಗೆ ಕಟ್ಟಿದ್ದೇವೆ. ಅಲ್ಲಿ ಬಾಗಿಲಿಲ್ಲ. ಸಾಹೇಬರು ಯಾವ ವರ್ಷ ಬಂದರೂ ಕತ್ತರಿಸಬಹುದು, ಫೋಟೋಕ್ಕೆ ಬೆಳಕೂ ಚೆನ್ನಾಗಿದೆ. ಕತ್ತರಿಸಿದ ಮೇಲೆ ಒಳಗೆ ಬರುವ ತೊಂದರೆಯನ್ನು ಮಾತ್ರ ಅವರು ತೆಗೆದುಕೊಳ್ಳಬೇಕಾಗಿಲ್ಲ.