ಚುಕ್ಕೆ ಮೂಡಿದ ನಾಲ್ಕು ಮರಿಗಳ ಪರವಾಗಿ ಸೆಕ್ರೆಟರಿಯವರಿಗೆ

ಸ್ಯಾಟಲೈಟ್ ಬಡಾವಣೆ, ಅಹಮದಾಬಾದ್
೮ ಏಪ್ರಿಲ್ ೨೦೦೩

ಮಾನ್ಯ ಹರ್ಷದ್‌ಭಾಯಿ ಅವರೇ,

ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗಳೂ, ನೀರಿನ ಮೋಟರಿನಿಂದ ಹಿಡಿದು ಮಕ್ಕಳ ಕ್ರಿಕೆಟ್ ಚೆಂಡಿನವರೆಗೆ ಸಕಲ ಚರಾಚರಗಳ ಪಾಲಕರೂ ಆದ ತಮಗೆ ನೆಲಮಹಡಿಯ ಸುಭದ್ರಾ ಮಾಡುವ ಅನಂತ ನಮಸ್ಕಾರಗಳು. ಹದಿನೈದು ವರ್ಷದಿಂದ ಈ ಊರಿನಲ್ಲಿದ್ದರೂ ಸಿಟ್ಟು ಬಂದಾಗ ನನಗೆ ಕನ್ನಡ ಬಿಟ್ಟು ಬೇರೆ ಭಾಷೆ ಒದಗುವುದಿಲ್ಲವಾದ್ದರಿಂದ ಈ ಪತ್ರ ಕನ್ನಡದಲ್ಲಿದೆ, ಕ್ಷಮಿಸಬೇಕು.

ನಮ್ಮ ಪೊಮೆರೇನಿಯನ್ ನಾಯಿ ರಾಣಿ ಹೆತ್ತ ನಾಲ್ಕು ಮರಿಗಳು ತಂದೆ ಯಾರೆಂದು ಗೊತ್ತಿಲ್ಲದ ಬೆರಕೆಗಳೆಂದೂ, ಇದರಿಂದ ಸೊಸೈಟಿಯ ಮರ್ಯಾದೆಗೆ ಕುಂದೆಂದೂ, ಏಳು ದಿನದೊಳಗೆ ಅವನ್ನು ಸಾಗಹಾಕಬೇಕೆಂದೂ ತಾವು ಕಳಿಸಿದ ನೋಟಿಸು ತಲುಪಿತು. ಸಂಬಂಧಪಟ್ಟವರಿಗೆ ಓದಿಯೂ ಹೇಳಿದೆ. ಮೂವರಿಗೆ ನಿದ್ದೆ ಬಂತು. ನಾಲ್ಕನೆಯವರು ತಮ್ಮ ಅಭಿಪ್ರಾಯವನ್ನು ನೋಟಿಸಿನ ಮೇಲೆಯೇ ಒದ್ದೆಯಾಗಿ ದಾಖಲಿಸಿದರು.

ನಾಯಿ ಹೆತ್ತರೆ ಮನೆಮನೆಯಿಂದ ಗೋಧಿಹಿಟ್ಟು, ಬೆಲ್ಲ, ತುಪ್ಪ ಕೂಡಿಸಿ ಶೀರೋ ಕಾಸಿ ತಿನ್ನಿಸುವ ಈ ಊರಿನ ಪದ್ಧತಿಗೆ ನಾನು ಕೈಮುಗಿಯುತ್ತೇನೆ. ನಮ್ಮ ಕಡೆ ಹೆತ್ತ ಸೊಸೆಗೂ ಅಷ್ಟು ತುಪ್ಪ ಬೀಳುವುದಿಲ್ಲ. ಆರು ಮನೆಯ ಆರು ಬಟ್ಟಲನ್ನೂ ರಾಣಿ ಯಾರ ಮನಸ್ಸೂ ನೋಯದಂತೆ ನೆಕ್ಕಿ ಮುಗಿಸಿದಳು. ಹೊಟ್ಟೆ ಕೆಟ್ಟು ಎರಡು ದಿನ ಹಾಲು ಬತ್ತಿತು. ಆ ಪೆಟ್ಟಿನಿಂದ ಎಲ್ಲಕ್ಕಿಂತ ಚಿಕ್ಕ ಮರಿ ಗುಬ್ಬಿ ಇನ್ನೂ ಚೇತರಿಸಿಕೊಂಡಿಲ್ಲ. ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮತ್ತೆ ಮತ್ತೆ ಡ್ರಾಪರಿನಲ್ಲಿ ಹಾಲು ಹನಿಸುತ್ತಿದ್ದೇನೆ. ಎಂಟು ವಾರ ತುಂಬುವವರೆಗೆ ತಾಯಿಯಿಂದ ಅಗಲಿಸಬಾರದೆಂದು ಡಾಕ್ಟರು ಹೇಳಿದ್ದಾರೆ. ಮೂರು ಮರಿಗಳಿಗೆ ಒಳ್ಳೆಯ ಮನೆಗಳೂ ಗೊತ್ತಾಗಿವೆ. ಈಗಲೇ ಎಬ್ಬಿಸಿದರೆ ಗುಬ್ಬಿ ಉಳಿಯುವುದಿಲ್ಲ. ಇದನ್ನು ತಮಾಷೆಗೆ ಬರೆಯುತ್ತಿಲ್ಲ, ನನಗೆ ನಿಜಕ್ಕೂ ಹೆದರಿಕೆಯಾಗಿದೆ.

ಆದ್ದರಿಂದ ಎಂಟು ವಾರದ ಬೆಳವಣಿಗೆಯನ್ನು ಏಳು ದಿನದಲ್ಲಿ ಮುಗಿಸತಕ್ಕದ್ದೆಂದು ತಾವು ಮರಿಗಳಿಗೊಂದು ಸುತ್ತೋಲೆ ಹೊರಡಿಸಬೇಕು. ತಮ್ಮ ಮಾತಿಗೆ ನೀರಿನ ಮೋಟರೇ ಬೆಲೆ ಕೊಡುವಾಗ ಇವು ಯಾವ ಲೆಕ್ಕ!

ಇನ್ನು ತಂದೆಯ ವಿಚಾರ. ಹುಟ್ಟಿದಾಗ ಹಾಲಿನಂತೆ ಬೆಳ್ಳಗಿದ್ದ ಮರಿಗಳ ಮೈಮೇಲೆ ಎರಡು ವಾರ ಕಳೆದ ಮೇಲೆ ಒಂದೊಂದೇ ಕಪ್ಪು ಚುಕ್ಕೆ ಮೂಡತೊಡಗಿತು. ಮಗಳ ಪೆನ್ನಿನ ಶಾಯಿ ಇರಬೇಕೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ, ಮರುದಿನ ಇನ್ನೆರಡು ಬಂದವು. ಉಪಗ್ರಹದ ಚಿತ್ರಗಳನ್ನು ನೋಡುವುದೇ ಉದ್ಯೋಗವಾಗಿರುವ ನನ್ನ ಯಜಮಾನರು ಭೂತಕನ್ನಡಿ ಹಿಡಿದು ಪರೀಕ್ಷಿಸಿ, ಡಾಲ್ಮೇಶಿಯನ್ ಜಾತಿಯ ಮರಿಗಳೇ ಹೀಗೆ ಬೆಳ್ಳಗೆ ಹುಟ್ಟಿ ಆಮೇಲೆ ಚುಕ್ಕೆ ತಳೆಯುವುದೆಂದು ಸಾರಿದರು. ನಮ್ಮ ಸೊಸೈಟಿಯಲ್ಲಿ ಡಾಲ್ಮೇಶಿಯನ್ ಇರುವುದು ಒಂದೇ. ಅದರ ವಂಶಾವಳಿ ಪತ್ರ ಕಟ್ಟು ಹಾಕಿಸಿಕೊಂಡು ತಮ್ಮ ಹಜಾರದ ಗೋಡೆಯ ಮೇಲಿದೆ. ಉತ್ತರಾಯಣದಂದು ನಾವೆಲ್ಲ ಟೆರೇಸಿನಲ್ಲಿ ಗಾಳಿಪಟಕ್ಕೆ ಕತ್ತೆತ್ತಿ ನಿಂತಿದ್ದಾಗ ತಮ್ಮ ಪ್ರಿನ್ಸ್ ಕೆಳಗೆ ಒಬ್ಬನೇ ಅಡ್ಡಾಡುತ್ತಿದ್ದ. ನಮ್ಮ ಬಾಗಿಲು ತೆರೆದಿತ್ತೆಂಬುದನ್ನು ನಾನೂ ಒಪ್ಪಿಕೊಳ್ಳುತ್ತೇನೆ.

ನಮ್ಮ ಕಡೆ ಬಾಣಂತನ ಹೆಣ್ಣಿನ ಮನೆಯವರದು, ಮಾಡುತ್ತಿದ್ದೇವೆ. ಅದು ಮುಗಿದ ಮೇಲೆ ಗಂಡಿನ ಕಡೆಯವರು ಬಂದು ಕರೆದೊಯ್ಯುತ್ತಾರೆಯೇ ಹೊರತು ನಡುವೆ ನೋಟಿಸು ಕಳಿಸುವುದಿಲ್ಲ. ಮೇ ಹದಿಮೂರಕ್ಕೆ ಎಂಟು ವಾರ ತುಂಬುತ್ತದೆ. ಗುಬ್ಬಿಗಿನ್ನೂ ಮನೆ ಗೊತ್ತಾಗಿಲ್ಲ. ಅಂದು ತಾವು ಸಕುಟುಂಬರಾಗಿ ಬರಬೇಕು.

ತಮ್ಮ ವಿಶ್ವಾಸಿ, ಹಾಗೂ ಇಂದಿನಿಂದ ಬೀಗಿತಿ,
ಸುಭದ್ರಾ

ತಾ.ಕ.: ಮೊನ್ನೆ ತಮ್ಮ ಶ್ರೀಮತಿ ಹಂಸಾಬೆನ್ ಗುಬ್ಬಿಯನ್ನು ಸೆರಗಿನಲ್ಲಿಟ್ಟುಕೊಂಡು, ಚುಕ್ಕೆಗಳ ಮೇಲೆ ಬೆರಳಾಡಿಸಿ, ಇದನ್ನು ತಮಗೆ ಮಾತ್ರ ಹೇಳಬಾರದೆಂದು ನನ್ನ ಕೈಹಿಡಿದು ಕೇಳಿಕೊಂಡರು. ಕೊಟ್ಟ ಮಾತಿಗೆ ನಾನು ತಪ್ಪಿಲ್ಲ. ತಮಗೆ ಹೇಳಿಲ್ಲ, ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ, ಅಷ್ಟೇ. ಕನ್ನಡ ಬಾರದವರಿಗಾಗಿ ಮಗಳು ತನ್ವಿ ಗುಜರಾತಿಯಲ್ಲಿ ಬರೆದು ಪಕ್ಕದಲ್ಲೇ ಅಂಟಿಸಿದ್ದಾಳೆ. ಅವಳ ಅಕ್ಷರ ನನ್ನದಕ್ಕಿಂತ ದೊಡ್ಡದು.