ಫೋನು ಯಾರ ಹೊಲದ್ದು?

ನಮ್ಮ ಸೋದರತ್ತೆ ಬಾಳೆಹಣ್ಣಿಗೂ ಜಾತಕ ಕೇಳುವವಳು! ಉತ್ಪ್ರೇಕ್ಷೆ ಎನ್ನುವವರು ಕಲಬುರಗಿ ಬಳಿಯ ನಮ್ಮ ಕಮಲಾಪುರಕ್ಕೆ ಹೋಗಿ ನೋಡಬಹುದು. ಅಲ್ಲಿ ಕೆಂಪು ಬಾಳೆ ಕೊಳ್ಳುವವರು ಮೊದಲು ಬೆಲೆ ಕೇಳುವುದಿಲ್ಲ, "ಯಾರ ತೋಟದ್ದು?" ಎಂದು ಕೇಳುತ್ತಾರೆ. ಉಳಿದವರು ಅಷ್ಟಕ್ಕೇ ನಿಲ್ಲುತ್ತಾರೆ. ಅತ್ತೆ ಮಾತ್ರ ಗೊನೆ ಕಡಿದವನ ಹೆಸರು ತಿಳಿಯುವ ತನಕ ಸಿಪ್ಪೆ ಸುಲಿಯುವುದಿಲ್ಲ. ಒಮ್ಮೆ ಮದುವೆಯೂಟದಲ್ಲಿ ಈ ವಿಚಾರಣೆ ಮುಗಿಯುವುದರೊಳಗೆ ಇಡೀ ಪಂಕ್ತಿ ಎದ್ದು ಕೈ ತೊಳೆದಿತ್ತು!

ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಇವಳೇ. ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದು ತಂದ ಕಪ್ಪುಗಳಲ್ಲಿ ಹುಣಸೆಹಣ್ಣು ತುಂಬಿಟ್ಟವಳೂ ಇವಳೇ. ಕಾನೂನು ಓದಲು ನನಗೆ ಮೈಸೂರಿನಲ್ಲಿ ಸೀಟು ಸಿಕ್ಕಿತು. ನಾಡಿನ ಈ ತುದಿಯಿಂದ ಆ ತುದಿ! ಇವಳ ದನಿ ಕೇಳದೆ ಅಲ್ಲಿರುವುದು ಹೇಗೆ? ಎಸ್‌ಟಿಡಿ ಬೂತಿನಲ್ಲಿ ಮೀಟರು ಓಡುವುದನ್ನು ಕಂಡರೆ ಅತ್ತೆಗೆ ಮಾತೇ ಹೊರಡದು. ಆಗಷ್ಟೇ ಮೊಬೈಲು ಬಂದಿತ್ತು. ಅಪ್ಪನನ್ನು ಒಪ್ಪಿಸಿ, ಅತ್ತೆಯನ್ನು ಕಲಬುರಗಿಗೆ ಕರೆತಂದು, ಸೇಡಂ ರಸ್ತೆಯ ಅಂಗಡಿಯೊಂದಕ್ಕೆ ನುಗ್ಗಿಸಿದೆ.

ಅತ್ತೆ ಫೋನನ್ನು ಬದನೆಕಾಯಿಯಂತೆ ತಿರುಗಿಸಿ ನೋಡಿದಳು. "ಇದು ಯಾರ ಹೊಲದ್ದು?"

"ಕಾಕು, ಇದು ಫೋನ್ ಅದರೀ!" ಎಂದ ಅಂಗಡಿಯವನು.

"ಗೊತ್ತದಪ್ಪಾ. ಇದರಾಗಿನ ತಾಮ್ರ, ತವರ ಗಿಡದಾಗ ಬೆಳೀತಾವೇನು? ಯಾವ ನೆಲದ್ದು? ಯಾರು ಅಗದಾರ?"

ಎಲ್ಲವೂ ರೇಡಿಯೋದ ಪ್ರತಾಪ! ಆಫ್ರಿಕಾದಲ್ಲೆಲ್ಲೋ ಬಂದೂಕಿನವರ ಕಾವಲಿನಲ್ಲಿ ಜನ ಬರಿಗೈಯಿಂದ ಮೊಬೈಲಿನ ಖನಿಜ ಅಗೆಯುತ್ತಾರೆಂದು ಅತ್ತೆ ಅದರಲ್ಲಿ ಕೇಳಿದ್ದಳು.

"ಕಂಪನಿಯವ್ರು ತರಸ್ತಾರ್ರೀ."

"ಕಂಪನಿ ಗುದ್ದಲಿ ಹಿಡೀತದೇನು?"

ಗಿರಾಕಿಗಳು ನಕ್ಕರು. ಅಂಗಡಿಯವನು ಕೈ ಕೊಡವಿದ. "ಯಾರೋ ಒಬ್ಬ ಅಗದಿರ್ತಾನ, ಬಿಡ್ರಿ ಕಾಕು!"

ಅತ್ತೆ ಫೋನನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟು ಹೊರನಡೆದಳು.

ಕಮಲಾಪುರದ ಬಸ್ಸಿನಲ್ಲಿ ನಾನು ಬಿಡುತ್ತೇನೆಯೇ? "ಮತ್ತ ನಿನ್ನ ರೇಡಿಯೋದಾಗ ಏನದ, ಬೆಲ್ಲ ಅದೇನು? ನೀ ಒಬ್ಬಾಕಿ ಬ್ಯಾಡ ಅಂದ್ರ ಗಣಿ ನಿಂದರ್ತಾವೇನು?"

"ರೇಡಿಯೋ ನಿಮ್ಮ ಮಾಮಾ ತಂದಿದ್ರು. ಆವಾಗ ಕೇಳಬೇಕಂತ ನನಗ ತಿಳದಿದ್ದಿಲ್ಲ."

"ಯಾವಾಗ ತಿಳೀತು?" ಎಂದು ಪಾಟೀಸವಾಲು ಹಾಕಿದೆ.

ಅತ್ತೆ ಕಿಟಕಿಯ ಕಡೆ ಮುಖ ಮಾಡಿದಳು. ಮಾಮಾ, ಎಂದರೆ ಅತ್ತೆಯ ಗಂಡ, ನೆಲಕ್ಕೆ ಹಾಸುವ ಫರಸಿಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದರು, ನಾನು ಹುಟ್ಟುವ ಮೊದಲೇ ಕಲ್ಲು ಕುಸಿದು ತೀರಿಕೊಂಡರು ಎಂಬುದಷ್ಟೇ ನನಗೆ ಗೊತ್ತಿತ್ತು.

"ಸುದ್ದಿ ತಿಳದು ಓಡಿ ಹೋದೆ. ಗುತ್ತೇದಾರ ಬೀಡಿ ಸೇದಕೋತ ನಿಂತಿದ್ದ. ಯಾರ್ರೀ ಸಿಕ್ಕೊಂಡವ್ರು ಅಂದೆ. 'ಯಾರೋ ಒಬ್ಬ' ಅಂದ. ಅಷ್ಟೇ ಅಂದ, ನನ್ನವ್ವಾ."

ಚರ್ಚೆಯಲ್ಲಿ ಎದುರಾಳಿಗೆ ಉತ್ತರ ಕೊಡಲು ಸಮಯವಿರುತ್ತದೆ. ಊರು ಬರುವವರೆಗೂ ನನಗೆ ಸಮಯವಿತ್ತು. ಅದನ್ನು ಅವಳ ಕೈ ಹಿಡಿದುಕೊಂಡು ಕಳೆದೆ.

ಈಗ ಮೈಸೂರಿನಲ್ಲಿದ್ದೇನೆ. ಅತ್ತ ಕಡೆಯಿಂದ ಯಾರು ಬಂದರೂ ಕೆಂಪು ಬಾಳೆ ಬರುತ್ತದೆ, ತೋಟದವರ ಹೆಸರು ಬರುತ್ತದೆ, ಗೊನೆ ಕಡಿದವನ ಹೆಸರೂ ಬರುತ್ತದೆ. ಅವಳ ದನಿ ಮಾತ್ರ ಬರುವುದಿಲ್ಲ. ಸಂಜೆಯಾದರೆ ಹಾಸ್ಟೆಲಿನ ಗೆಳತಿಯರ ಫೋನುಗಳು ಹಾಡತೊಡಗುತ್ತವೆ. ನಾನು ಎದ್ದು ಪೇಟೆಗೆ ಹೋಗುತ್ತೇನೆ. ಕಂಡ ಮೊಬೈಲು ಅಂಗಡಿಗೆ ಹೊಕ್ಕು, "ಇದರ ಮಣ್ಣು ಅಗೆದವರು ಯಾರು?" ಎಂದು ಕೇಳುತ್ತೇನೆ. ನಗುತ್ತಾರೆ. ನಗಲಿ, ಈ ಸಲ ಕಪ್ಪು ಗೆಲ್ಲಲು ಕೇಳುತ್ತಿಲ್ಲ. ಯಾರಾದರೂ ಒಂದು ಹೆಸರು ಹೇಳಿದರೆ ಸಾಕು. ಆ ಹೆಸರಿನೊಂದಿಗೆ ಫೋನನ್ನು ಅತ್ತೆಯ ಕೈಗಿಟ್ಟು ಬಂದು, ಇಲ್ಲಿ ಕಿವಿಗೊಟ್ಟು ಕೂತರೆ, ಆ ತುದಿಯಿಂದ ಕೇಳೀತು: "ಉಂಡೀಯೇನ, ನನ್ನವ್ವಾ?"